ಯಾರೂ ಕೊಡದ ಮಾತು

ಸಾಫ್ಟ್‌ವೇರ್ ಕಚೇರಿಗಳಲ್ಲಿ ಆಗಾಗ ಕಿವಿಗೆ ಬೀಳುವ ಮಾತೊಂದಿದೆ: “ನಾನು ಏನೂ ಮುಟ್ಟಿಲ್ಲ.” ನಮ್ಮ ತಂಡಕ್ಕೆ ಹೊಸದಾಗಿ ಸೇರಿದ ಹಾವೇರಿ ಕಡೆಯ ಹುಡುಗ ಅದನ್ನೇ ತನ್ನ ಊರಿನ ಮಾತಿನಲ್ಲಿ ಹೇಳಿದ: “ನಾ ಏನೂ ಮುಟ್ಟಿಲ್ರಿ ಮೇಡಂ. ಲೈಬ್ರರಿ ವರ್ಷನ್ ಒಂದ ಬದ್ಲ್ ಮಾಡೀನ್ರಿ. ಟೆಸ್ಟ್ ಎಲ್ಲಾ ಕೆಂಪಾಗ್ಯಾವ.” ಅವನು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಬದಲಾದದ್ದು ಒಂದೇ ಒಂದು ಸಾಲು, ಅಲ್ಲಿ 1.4 ಎಂದು ಇದ್ದದ್ದು 2.0 ಆಗಿತ್ತು. ನಾವು ಬರೆದ ಪ್ರೋಗ್ರಾಮಿನ ಒಂದಕ್ಷರವೂ ಆಚೀಚೆ ಆಗಿರಲಿಲ್ಲ. ಆದರೂ ಹಿಂದಿನ ದಿನದವರೆಗೆ ಹಸಿರಾಗಿದ್ದ ಟೆಸ್ಟುಗಳು ಪರದೆಯ ಮೇಲಿಂದ ಕೆಳಗಿನವರೆಗೆ ಕೆಂಪಾಗಿ ನಿಂತಿದ್ದವು.

ಇಂಥ ಹೊತ್ತಿನಲ್ಲಿ ಹೊಸಬರ ಮುಖ ಸಪ್ಪಗಾಗುವುದನ್ನು ನೋಡಿದ್ದೇನೆ. ನನಗಾದರೋ ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಅಚ್ಚುಮೆಚ್ಚಿನ ಕೆಲಸ ಮತ್ತೊಂದಿಲ್ಲ. ಹೊಸದಾಗಿ ಕೋಡ್ ಬರೆಯುವಾಗ ನಮಗೆ ಗೊತ್ತಿರುವುದನ್ನು ಬರೆಯುತ್ತೇವೆ. ಲೈಬ್ರರಿ ಬದಲಾಗಿ ಟೆಸ್ಟ್ ಬಿದ್ದಾಗ, ನಾವು ಯಾವುದನ್ನೆಲ್ಲ ನಂಬಿಕೊಂಡು ಬರೆದಿದ್ದೆವು ಎಂಬುದು ಮೊದಲ ಸಲ ಕಣ್ಣಿಗೆ ಬೀಳುತ್ತದೆ.

ಪ್ರೋಗ್ರಾಮ್ ಬರೆಯದವರಿಗಾಗಿ ಎರಡು ಮಾತು. ಒಂದು ಕೆಲಸ ಮಾಡಿಸಿ, ಬಂದ ಉತ್ತರವನ್ನು ಬರಬೇಕಾದ ಉತ್ತರದ ಪಕ್ಕ ಇಟ್ಟು ನೋಡುವ ಪುಟ್ಟ ಪ್ರೋಗ್ರಾಮೇ ಟೆಸ್ಟ್. ಮೂವರು ಗ್ರಾಹಕರ ಹೆಸರು ಸೇರಿಸು, ಪಟ್ಟಿ ಕೇಳು, ಮೂವರೂ ಇದ್ದಾರೆಯೇ ನೋಡು. ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಇಂಥವು ನೂರಾರು, ಸಾವಿರಾರು ಇರುತ್ತವೆ. ಯಾರೇ ಏನೇ ಬದಲಾಯಿಸಿದರೂ ಅಷ್ಟೂ ಮತ್ತೊಮ್ಮೆ ಓಡುತ್ತವೆ. ಈ ಕೆಲಸವನ್ನು ಎಷ್ಟು ಶ್ರದ್ಧೆಯಿಂದ ಮಾಡಬಹುದು ಎಂಬುದಕ್ಕೆ ಎಸ್‌ಕ್ಯೂಲೈಟ್ ಸಾಕ್ಷಿ. ರಿಚರ್ಡ್ ಹಿಪ್ 2000ದಲ್ಲಿ ಶುರು ಮಾಡಿದ ಈ ಪುಟ್ಟ ಡೇಟಾಬೇಸ್ ಇವತ್ತು ನಮ್ಮೆಲ್ಲರ ಮೊಬೈಲಿನೊಳಗೆ ಕುಳಿತಿದೆ. 2023ರಲ್ಲಿ ಬಂದ ಅದರ 3.42 ಆವೃತ್ತಿಯ ಮೂಲ ಕೋಡ್ ಸುಮಾರು 1,56,000 ಸಾಲು. ಅದನ್ನು ಪರೀಕ್ಷಿಸಲು ಬರೆದಿಟ್ಟ ಕೋಡ್ ಅದರ 590 ಪಟ್ಟು.

ಇನ್ನು ಲೈಬ್ರರಿ. ಎಲ್ಲವನ್ನೂ ನಾವೇ ಬರೆಯುವುದಿಲ್ಲ. ಬೇರೆಯವರು ಬರೆದು, ತಿದ್ದಿ, ಹಂಚಿದ್ದನ್ನು ತಂದು ಜೋಡಿಸಿಕೊಳ್ಳುತ್ತೇವೆ. ಆ ಹುಡುಗ ಬದಲಾಯಿಸಿದ್ದು ಎಸ್‌ಕ್ಯೂಎಲ್‌ಆಲ್ಕೆಮಿ ಎಂಬ ಲೈಬ್ರರಿಯ ವರ್ಷನ್. ಪೈಥಾನ್ ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ನಿಂತು ಇಬ್ಬರ ಮಾತನ್ನೂ ಮುಟ್ಟಿಸುವ ಕೆಲಸ ಅದರದು. ಮೈಕ್ ಬೇಯರ್ 2006ರಲ್ಲಿ ಹೊರತಂದ ಈ ಲೈಬ್ರರಿಯ 2.0 ಆವೃತ್ತಿ ಬಂದದ್ದು 2023ರ ಜನವರಿಯಲ್ಲಿ. ಹದಿನೇಳು ವರ್ಷ ಹೊತ್ತು ತಂದ ಹಳೆಯ ರೂಢಿಗಳನ್ನು ಅದು ಒಂದೇ ಸಲಕ್ಕೆ ಕೆಳಗಿಳಿಸಿತು.

“ಹಳೇದೇ ಚೆಂದಾಗಿ ನಡೀತಿತ್ತಲ್ರಿ, ಯಾಕ ಬದಲಾಯಿಸಬೇಕು?” ಎಂದು ಆ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಹಳೆಯ ವರ್ಷನ್ನನ್ನು ಕಾಯುವವರು ಎಲ್ಲ ಕಾಲಕ್ಕೂ ಇರುವುದಿಲ್ಲ. ಪೋಸ್ಟ್‌ಗ್ರೆಸ್ ಡೇಟಾಬೇಸಿನವರು ಪ್ರತಿ ದೊಡ್ಡ ಆವೃತ್ತಿಯನ್ನು ಐದು ವರ್ಷ ನೋಡಿಕೊಳ್ಳುತ್ತೇವೆ ಎನ್ನುತ್ತಾರೆ. ಆಮೇಲೆ ಅದರಲ್ಲಿ ಯಾರಾದರೂ ಒಳನುಗ್ಗುವಂಥ ತೂತು ಕಂಡರೂ ಮುಚ್ಚುವವರಿಲ್ಲ. ಅದೂ ಅಲ್ಲದೆ ಲೈಬ್ರರಿಗಳು ಒಂದರ ಕೈ ಇನ್ನೊಂದು ಹಿಡಿದಿರುತ್ತವೆ. ಹೊಸ ಪೈಥಾನ್ ಬೇಕೆಂದರೆ ಹೊಸ ಡ್ರೈವರ್ ಬೇಕು, ಹೊಸ ಡ್ರೈವರ್ ಬೇಕೆಂದರೆ ಹೊಸ ಲೈಬ್ರರಿ ಬೇಕು. ಇವತ್ತು ಬೇಡವೆಂದರೆ ಮುಂದೊಂದು ದಿನ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಬೇಕಾಗುತ್ತದೆ. ಆಗ ಟೆಸ್ಟ್ ಬಿದ್ದರೆ ಯಾವುದರಿಂದ ಬಿತ್ತು ಎಂದು ಹೇಳುವವರೇ ಇರುವುದಿಲ್ಲ.

ಹುಡುಕುವುದಕ್ಕೂ ಒಂದು ಕ್ರಮ ಇದೆ. ಮೊದಲು ಹಳೆಯ ವರ್ಷನ್‌ಗೆ ವಾಪಸ್ ಹೋಗಿ ಅದೇ ಟೆಸ್ಟ್ ಓಡಿಸಬೇಕು. ಹಸಿರಾಯಿತು ಎಂದು ಕಣ್ಣಾರೆ ಕಾಣಬೇಕು. ಮತ್ತೆ ಹೊಸದನ್ನು ಹಾಕಿ, ಕೆಂಪಾಯಿತು ಎಂದು ಕಾಣಬೇಕು. ನಡುವೆ ಬೇರೇನನ್ನೂ ಮುಟ್ಟಬಾರದು. ಕೇಳಲು ಸಣ್ಣ ವಿಷಯ, ಆದರೆ ಇದನ್ನು ಬಿಟ್ಟು ಮುಂದೆ ಹೋದವರು ದಿನಗಟ್ಟಲೆ ದಾರಿ ತಪ್ಪಿ ಅಲೆಯುವುದನ್ನು ನೋಡಿದ್ದೇನೆ. ಒಂದು ಲೈಬ್ರರಿಯನ್ನು ಮೇಲೇರಿಸಿದಾಗ ಅದರ ಹಿಂದೆ ಇನ್ನೂ ನಾಲ್ಕಾರು ಲೈಬ್ರರಿಗಳು ಸದ್ದಿಲ್ಲದೆ ಬದಲಾಗಿರುತ್ತವೆ. ಲಾಕ್ ಫೈಲ್ ಎಂಬ ಕಡತದಲ್ಲಿ ಯಾವುದು ಯಾವ ವರ್ಷನ್ ಎಂದು ಪೂರ್ತಿ ಬರೆದಿರುತ್ತದೆ. ಹಳೆಯ ಲಾಕ್ ಫೈಲ್, ಹೊಸ ಲಾಕ್ ಫೈಲ್ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಏನೇನು ಬದಲಾಯಿತು ಎಂಬುದರ ನಿಜವಾದ ಪಟ್ಟಿ ಸಿಗುತ್ತದೆ. ಬದಲಾವಣೆಗಳು ತುಂಬ ಇದ್ದರೆ ನಡುವಿನದನ್ನು ಹಿಡಿದು ನೋಡಬೇಕು: ಅಲ್ಲಿ ಹಸಿರಾದರೆ ತಪ್ಪು ಅದರ ನಂತರದ್ದು, ಕೆಂಪಾದರೆ ಅದರ ಮೊದಲಿನದು. ಹೀಗೆ ಅರ್ಧ ಅರ್ಧ ಬಿಡುತ್ತ ಹೋದರೆ ಸಾವಿರ ಬದಲಾವಣೆಗಳ ನಡುವಿನ ಒಂದು ತಪ್ಪು ಹತ್ತು ಹೆಜ್ಜೆಯಲ್ಲಿ ಸಿಗುತ್ತದೆ. ಗಿಟ್ ಬೈಸೆಕ್ಟ್ ಎಂಬ ಸಲಕರಣೆ ಮಾಡುವುದೂ ಇದನ್ನೇ.

ಎರಡನೆಯದು, ಕೆಂಪನ್ನು ಗುಂಪು ಮಾಡುವುದು. ಬಿದ್ದ ಟೆಸ್ಟುಗಳು ನೂರಿದ್ದರೆ ಕಾರಣಗಳು ನೂರಿರುವುದಿಲ್ಲ. ಬಹಳ ಸಲ ನಾಲ್ಕೈದು ಇರುತ್ತವೆ. ನಾನೂ ಆ ಹುಡುಗನೂ ಕುಳಿತು ಲಾಗ್ ಓದಿದೆವು. ಒಂದು ಗುಂಪಿನಲ್ಲಿ ‘ಎಂಜಿನ್‌ಗೆ ಎಕ್ಸಿಕ್ಯೂಟ್ ಎಂಬುದಿಲ್ಲ’ ಎಂಬ ಎರರ್. ಹೊಸ ಆವೃತ್ತಿಯಲ್ಲಿ ಎಂಜಿನ್ ಮೇಲೆ ನೇರವಾಗಿ ಕ್ವೆರಿ ಓಡಿಸುವಂತಿಲ್ಲ, ಮೊದಲು ಕನೆಕ್ಷನ್ ತೆರೆಯಬೇಕು. ಇನ್ನೊಂದು ಗುಂಪಿನಲ್ಲಿ ‘ಇದು ಓಡಿಸುವಂಥ ವಸ್ತುವಲ್ಲ’ ಎಂಬ ಎರರ್. ಬರಿಯ ಸ್ಟ್ರಿಂಗ್ ಕೊಟ್ಟರೆ ಹೊಸ ಆವೃತ್ತಿ ಒಪ್ಪುವುದಿಲ್ಲ, ಅದನ್ನು ಟೆಕ್ಸ್ಟ್ ಎಂಬ ಫಂಕ್ಷನ್ನಿನಲ್ಲಿ ಸುತ್ತಿ ಕೊಡಬೇಕು. ಮೂರನೆಯ ಗುಂಪಿನಲ್ಲಿ ‘ಟ್ಯೂಪಲ್‌ನ ಇಂಡೆಕ್ಸ್ ಅಂಕಿಯಾಗಿರಬೇಕು’ ಎಂಬ ದೂರು. ಡೇಟಾಬೇಸಿನಿಂದ ಬಂದ ಸಾಲಿನಲ್ಲಿ ಕಾಲಂ ಹೆಸರನ್ನು ಚೌಕ ಬ್ರ್ಯಾಕೆಟ್ಟಿನೊಳಗೆ ಹಾಕಿ ಕೇಳುವ ಹಳೆಯ ರೂಢಿ 2.0ದಲ್ಲಿ ಹೋಗಿದೆ. ಈ ಮೂರೂ ಗುಂಪಿನ ಎರರ್‌ಗಳು ಪ್ರಾಮಾಣಿಕವಾದವು. ಎಲ್ಲಿ, ಏನು ಎಂದು ಬಾಯಿಬಿಟ್ಟು ಹೇಳುತ್ತವೆ. ಹೇಳಿದಲ್ಲಿ ಹೋಗಿ ತಿದ್ದಿದರೆ ಆಯಿತು.

ಉಳಿದ ಗುಂಪು ಬೇರೆ ಜಾತಿಯದು. ಅಲ್ಲಿ ಎರರ್ ಎಂಬುದೇ ಇರಲಿಲ್ಲ. ಪಾವತಿಯೊಂದನ್ನು ಬರೆದು, ಬೇರೆ ಕನೆಕ್ಷನ್‌ನಿಂದ ಎಣಿಸಿದರೆ ಒಂದು ಸಿಗಬೇಕು, ಸೊನ್ನೆ ಸಿಗುತ್ತಿತ್ತು. ಬರೆಯುವ ಸಾಲು ಯಾವ ತಕರಾರೂ ಇಲ್ಲದೆ ಮುಗಿಯುತ್ತಿತ್ತು. ಲೈಬ್ರರಿ ಡೇಟಾಬೇಸಿಗೆ ಏನೇನು ಹೇಳುತ್ತಿದೆ ಎಂಬುದನ್ನು ಪರದೆಗೆ ತರಿಸುವ ಎಕೋ ಎಂಬ ಸೌಲಭ್ಯ ಇದೆ. ಅದನ್ನು ಹಾಕಿ ಟೆಸ್ಟ್ ಓಡಿಸಲು ಹೇಳಿದೆ. ಮೊದಲು ಬಿಗಿನ್, ಅದರ ಕೆಳಗೆ ಇನ್ಸರ್ಟ್ ಮತ್ತು ಅದರ ವಿವರ, ಅದಕ್ಕೂ ಕೆಳಗೆ ಒಂಟಿ ಪದದ ಒಂದು ಸಾಲು. ಹುಡುಗ ಪರದೆಯ ಹತ್ತಿರ ಬಗ್ಗಿ ಓದಿದ: “ಇನ್ಸರ್ಟ್ ಆಗೇತ್ರಿ ಮೇಡಂ. ಆದ್ರ ಕೆಳಗ ರೋಲ್‌ಬ್ಯಾಕ್ ಅಂತ ಐತಿ ನೋಡ್ರಿ.” ಹಳೆಯ ವರ್ಷನ್‌ನಲ್ಲಿ ಅದನ್ನೇ ಓಡಿಸಿದಾಗ ಅದೇ ಜಾಗದಲ್ಲಿ ಕಮಿಟ್ ಎಂದು ಬಂತು.

ರೋಗ ಸಿಕ್ಕಿತ್ತು. ಡೇಟಾಬೇಸಿನಲ್ಲಿ ಬರೆದದ್ದು ಕಮಿಟ್ ಎಂದ ಮೇಲಷ್ಟೇ ಖಾಯಂ. ರೋಲ್‌ಬ್ಯಾಕ್ ಎಂದರೆ ಬರೆದೇ ಇಲ್ಲ ಎಂಬಂತೆ. ಹಳೆಯ ಆವೃತ್ತಿ ನಾವು ಕಳಿಸಿದ ವಾಕ್ಯದ ಮೊದಲ ಪದವನ್ನು ನೋಡುತ್ತಿತ್ತು. ಅದು ಇನ್ಸರ್ಟ್, ಅಪ್‌ಡೇಟ್, ಡಿಲೀಟ್‌ನಂಥ ಪದವಾಗಿದ್ದರೆ ನಮ್ಮ ಪರವಾಗಿ ತಾನೇ ಕಮಿಟ್ ಮಾಡಿಬಿಡುತ್ತಿತ್ತು. ವಾಕ್ಯ ಸೆಲೆಕ್ಟ್‌ನಿಂದ ಶುರುವಾಗಿ, ಒಳಗೆ ಡೇಟಾ ಬದಲಾಯಿಸುವ ಫಂಕ್ಷನ್ ಕರೆದಿದ್ದರೆ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ಅಂದಾಜಿನ ಮೇಲೆ ನಡೆಯುವ ಇಂಥ ಉಪಕಾರ ಒಳ್ಳೆಯದಲ್ಲ ಎಂದು 2.0 ಅದನ್ನು ನಿಲ್ಲಿಸಿತು. ಕಮಿಟ್ ಬೇಕಿದ್ದರೆ ನೀವೇ ಹೇಳಿ. ಹೇಳದೆ ಕನೆಕ್ಷನ್ ಮುಚ್ಚಿದರೆ ರೋಲ್‌ಬ್ಯಾಕ್. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಯಾವ ಘಳಿಗೆಯಲ್ಲಿ ಲೆಕ್ಕ ಖಾಯಂ ಆಗಬೇಕು ಎಂಬುದು ಪ್ರೋಗ್ರಾಮ್ ಬರೆದವರು ಯೋಚಿಸಿ ಹೇಳಬೇಕಾದ ಮಾತು.

ಇಲ್ಲಿ ಆ ಲೈಬ್ರರಿಯವರ ಸೌಜನ್ಯವನ್ನೂ ನೆನೆಯಬೇಕು. 2021ರ ಮಾರ್ಚ್‌ನಲ್ಲಿ ಬಂದ 1.4 ಆವೃತ್ತಿಯನ್ನು ಅವರು ಸೇತುವೆಯಾಗಿ ಕಟ್ಟಿದ್ದರು. ಅದರಲ್ಲಿ ಒಂದು ಎನ್ವಿರಾನ್‌ಮೆಂಟ್ ವೇರಿಯಬಲ್ ಇಟ್ಟು ಟೆಸ್ಟ್ ಓಡಿಸಿದರೆ, ಮುಂದೆ ಬೀಳುವ ಸಾಲುಗಳ ಬಗ್ಗೆ ‘ಇದು 2.0ದಲ್ಲಿ ಇರುವುದಿಲ್ಲ’ ಎಂದು ಎಚ್ಚರಿಸುತ್ತದೆ. ಹಳೆಯದರಲ್ಲೇ ನಿಂತು, ಎಚ್ಚರಿಕೆಗಳನ್ನು ಒಂದೊಂದಾಗಿ ತೀರಿಸಿ, ಆಮೇಲೆ ದಾಟಬಹುದು. ನಾವು ಮಾಡಿದ್ದೂ ಅದನ್ನೇ. ಹುಡುಗ 2.0 ಎಂಬುದನ್ನು ಮತ್ತೆ 1.4 ಮಾಡಿ, ಎಚ್ಚರಿಕೆಗಳನ್ನು ತೆರೆದು, ಒಂದು ತುದಿಯಿಂದ ಕೂತ.

ಹೀಗೆ ಎಲ್ಲವನ್ನೂ ತಿದ್ದಿದ ಮೇಲೂ ಅಪ್‌ಗ್ರೇಡ್‌ಗಳಲ್ಲಿ ಹಠ ಹಿಡಿದು ನಿಲ್ಲುವ ಒಂದು ಬಗೆಯ ಟೆಸ್ಟ್ ಇದೆ. ಈ ಕೆಲಸದ ಸಾರ ಇರುವುದು ಅಲ್ಲಿ. ಮೂರು ಹೆಸರು ಹಾಕಿದೆವು, ಮೂರೂ ವಾಪಸ್ ಬಂದವು, ಆದರೆ ಅನುಕ್ರಮ ಬೇರೆ. ಒಂದು, ಎರಡು, ಮೂರು ಎಂದು ಬರುತ್ತಿದ್ದದ್ದು ಎರಡು, ಮೂರು, ಒಂದು ಎಂದು ಬರುತ್ತದೆ. ಕೆಲವೊಮ್ಮೆ ಹಸಿರು, ಕೆಲವೊಮ್ಮೆ ಕೆಂಪು. “ಡೇಟಾಬೇಸ್‌ಗೆ ಏನಾಗೇತ್ರಿ?” ಎನ್ನಿಸುವುದು ಸಹಜ. ಅದಕ್ಕೆ ಏನೂ ಆಗಿಲ್ಲ. ಎಡ್ಗರ್ ಕಾಡ್ 1970ರಲ್ಲಿ ಟೇಬಲ್ಲುಗಳ ಮೇಲೆ ನಿಂತ ಡೇಟಾಬೇಸುಗಳಿಗೆ ಅಡಿಪಾಯ ಹಾಕಿದ ಲೇಖನದಲ್ಲೇ ಟೇಬಲ್ಲಿನ ಸಾಲುಗಳಿಗೆ ಅನುಕ್ರಮವಿಲ್ಲ. ಬೇಕಿದ್ದರೆ ಆರ್ಡರ್ ಬೈ ಎಂದು ಬರೆದು ಕೇಳಿ ಪಡೆಯಬೇಕು. ಕೇಳದೆಯೂ ಹಾಕಿದ ಅನುಕ್ರಮದಲ್ಲೇ ಬರುತ್ತಿತ್ತಲ್ಲ ಎಂದರೆ, ಡಿಸ್ಕಿನ ಮೇಲೆ ಸಾಲುಗಳು ಹಾಗೆ ಬಿದ್ದಿದ್ದವು, ಡೇಟಾಬೇಸ್ ಹಾಗೆ ಓದಿತ್ತು, ಅಷ್ಟೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಸಾಲನ್ನು ಅಪ್‌ಡೇಟ್ ಮಾಡಿ ನೋಡಿ. ಅದು ಹಳೆಯದನ್ನು ಅಳಿಸಿ ಅದೇ ಜಾಗದಲ್ಲಿ ಬರೆಯುವುದಿಲ್ಲ, ಹೊಸ ಪ್ರತಿಯನ್ನು ಬೇರೆ ಕಡೆ ಬರೆಯುತ್ತದೆ. ಮೊದಲು ಕಾಣುತ್ತಿದ್ದ ಗ್ರಾಹಕ ಫೋನ್ ನಂಬರ್ ಬದಲಾದ ಕೂಡಲೇ ಎಷ್ಟೋ ಸಲ ಪಟ್ಟಿಯ ಕೊನೆಗೆ ಹೋಗಿ ನಿಂತಿರುತ್ತಾನೆ.

ಡೇಟಾಬೇಸುಗಳ ಚರಿತ್ರೆಯಲ್ಲಿ ಇದೇ ಕಥೆ ಮತ್ತೆ ಮತ್ತೆ ನಡೆದಿದೆ. 2008ರಲ್ಲಿ ಬಂದ ಪೋಸ್ಟ್‌ಗ್ರೆಸ್ 8.3 ಒಂದು ಜಾಣತನ ಮಾಡಿತು. ದೊಡ್ಡ ಟೇಬಲ್ಲೊಂದನ್ನು ಒಬ್ಬರು ಓದುತ್ತಿರುವಾಗ ಇನ್ನೊಬ್ಬರೂ ಅದನ್ನೇ ಓದಲು ಬಂದರೆ, ಎರಡನೆಯವರನ್ನು ಮೊದಲಿನವರು ತಲುಪಿದ ಜಾಗದಿಂದಲೇ ಓದಿಸಿ, ಬಿಟ್ಟದ್ದನ್ನು ಆಮೇಲೆ ಓದಿಸಿತು. ಡಿಸ್ಕಿನ ಕೆಲಸ ಉಳಿಯಿತು, ಆದರೆ ಪಟ್ಟಿ ನಡುವಿನಿಂದ ಶುರುವಾಗತೊಡಗಿತು. ಮರುವರ್ಷ 8.4ರಲ್ಲಿ ಡಿಸ್ಟಿಂಕ್ಟ್ ಎಂದು ಕೇಳಿದಾಗ ಬರುತ್ತಿದ್ದ ವಿಂಗಡಿಸಿದ ಪಟ್ಟಿಯೂ ಹೋಯಿತು. ಪುನರಾವರ್ತನೆ ತೆಗೆಯಲು ಅಲ್ಲಿಯವರೆಗೆ ಅದು ಎಲ್ಲವನ್ನೂ ವಿಂಗಡಿಸುತ್ತಿತ್ತು. ಹ್ಯಾಶ್ ಎಂಬ ಇನ್ನೂ ಚುರುಕಾದ ವಿಧಾನ ಬಂದ ಮೇಲೆ ವಿಂಗಡಿಸುವ ಅಗತ್ಯ ಉಳಿಯಲಿಲ್ಲ. ಮೈಎಸ್‌ಕ್ಯೂಎಲ್‌ನಲ್ಲಿ ಗ್ರೂಪ್ ಬೈ ಎಂದರೆ ಸಾಲುಗಳು ವಿಂಗಡಣೆಯಾಗಿಯೇ ಬರುತ್ತಿದ್ದವು. 2018ರ 8.0 ಆವೃತ್ತಿ ಅದನ್ನು ಕೈಬಿಟ್ಟಿತು. ಪ್ರತಿ ಸಲವೂ ಡೇಟಾಬೇಸ್ ವೇಗವಾಯಿತು, ಪ್ರತಿ ಸಲವೂ ಎಲ್ಲೆಲ್ಲೋ ಟೆಸ್ಟುಗಳು ಬಿದ್ದವು.

ಎಸ್‌ಕ್ಯೂಲೈಟ್ ಬರೆದವರು ಇದಕ್ಕೆ ಮಾಡಿಟ್ಟ ಉಪಾಯ ನನಗೆ ತುಂಬ ಪ್ರೀತಿಯದು. ಅದರಲ್ಲಿ ಪ್ರಾಗ್ಮಾ ಎಂಬ ಬಗೆಯ ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಆರ್ಡರ್ ಬೈ ಇಲ್ಲದ ಕ್ವೆರಿಗಳು ಎಷ್ಟೋ ಸಲ ಸಾಲುಗಳನ್ನು ತಿರುಗುಮುರುಗಾಗಿ ಕೊಡುತ್ತವೆ. ಬೇರೆ ಯಾವ ಉಪಯೋಗವೂ ಅದಕ್ಕಿಲ್ಲ. ಕೇಳದೆ ಬಂದ ಅನುಕ್ರಮವನ್ನು ನಂಬಿಕೊಂಡವರು ಮುಂದಿನ ಅಪ್‌ಗ್ರೇಡ್ ಬರುವವರೆಗೆ ಕಾಯದೆ ಇವತ್ತೇ ಅದನ್ನು ಕಂಡುಕೊಳ್ಳಲಿ ಎಂದು ಇಟ್ಟದ್ದು. ನಾವು ಟೆಸ್ಟುಗಳನ್ನು ಒಮ್ಮೆ ನೇರವಾಗಿ, ಒಮ್ಮೆ ಈ ಪ್ರಾಗ್ಮಾ ಹಾಕಿ ಓಡಿಸುತ್ತೇವೆ. ಎರಡರಲ್ಲೂ ಹಸಿರಾದದ್ದನ್ನು ಮಾತ್ರ ನಂಬುತ್ತೇವೆ.

ಅನುಕ್ರಮ ಕೇಳಿ ಪಡೆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಯಾರ ಅನುಕ್ರಮ? ಕನ್ನಡದ ಹೆಸರುಗಳಿರುವ ಪಟ್ಟಿಯ ಮೇಲೆ ಕೆಲಸ ಮಾಡುವವರಿಗೆ ಇದು ಬೇಗ ಎದುರಾಗುತ್ತದೆ. ‘ಕಳಸ’, ‘ಕವನ’ ಎಂಬ ಎರಡು ಪದಗಳನ್ನು ತೆಗೆದುಕೊಳ್ಳಿ. ನಮ್ಮ ವರ್ಣಮಾಲೆಯಲ್ಲಿ ಳಕಾರ ಕೊನೆಯದು, ಹಕಾರವೂ ಆದ ಮೇಲೆ ಬರುವಂಥದ್ದು. ಹಾಗಾಗಿ ನಿಘಂಟಿನಲ್ಲಿ ಕವನ ಮೊದಲು, ಕಳಸ ಆಮೇಲೆ. ಯೂನಿಕೋಡ್‌ನಲ್ಲಿ ಳಕಾರಕ್ಕೆ ಲಕಾರದ ಪಕ್ಕದಲ್ಲೇ, ವಕಾರಕ್ಕಿಂತ ಮೊದಲು ಜಾಗ ಕೊಟ್ಟಿದ್ದಾರೆ. ಎಸ್‌ಕ್ಯೂಲೈಟ್‌ಗೆ ಬೇರೇನೂ ಹೇಳದಿದ್ದರೆ ಅದು ಬೈಟುಗಳನ್ನು ಮಾತ್ರ ಹೋಲಿಸುತ್ತದೆ. ಆಗ ಕಳಸ ಮೊದಲು ಬರುತ್ತದೆ. ಎರಡೂ ಆಯಾ ನಿಯಮದ ಪ್ರಕಾರ ಸರಿ. ಆದರೆ ಟೆಸ್ಟ್ ಬರೆದವರು ಇವೆರಡರಲ್ಲಿ ಯಾವುದು ಬೇಕೆಂದು ಕ್ವೆರಿಯಲ್ಲಿ ಹೇಳಿರದಿದ್ದರೆ, ಒಂದು ಡೇಟಾಬೇಸ್ ಬಿಟ್ಟು ಇನ್ನೊಂದಕ್ಕೆ ಹೋದ ದಿನ ಅಥವಾ ಅಕ್ಷರ ಹೋಲಿಸುವ ನಿಯಮ ಬದಲಾದ ದಿನ ಟೆಸ್ಟ್ ಬೀಳಬಹುದು. ಕನ್ನಡದ ಮತದಾರರ ಪಟ್ಟಿಯೋ ಶಾಲೆಯ ಹಾಜರಿಯೋ ಓದುವವರು ಹುಡುಕುವುದು ವರ್ಣಮಾಲೆಯ ಅನುಕ್ರಮದಲ್ಲಿ. ಅದನ್ನು ಬಾಯಿಬಿಟ್ಟು ಕೇಳಿ ಪಡೆಯುವುದು ನಮ್ಮ ಭಾಷೆಯಲ್ಲಿ ಪ್ರೋಗ್ರಾಮ್ ಮಾಡುವವರ ಕರ್ತವ್ಯ ಎಂದೇ ನಾನು ತಿಳಿದಿದ್ದೇನೆ.

ಹೋಲಿಸುವ ನಿಯಮ ಬದಲಾದರೆ ಏನಾಗುತ್ತದೆ ಎಂಬುದನ್ನು ಜಗತ್ತು 2018ರ ನಂತರ ಕಂಡಿತು. ಲಿನಕ್ಸ್‌ನ ತಳದಲ್ಲಿರುವ ಗ್ಲಿಬ್‌ಸಿ ಎಂಬ ಲೈಬ್ರರಿ ಆ ವರ್ಷದ ಆಗಸ್ಟ್‌ನಲ್ಲಿ 2.28 ಆಯಿತು, ಅಕ್ಷರಗಳ ವಿಂಗಡಣೆಯ ನಿಯಮಗಳು ಅದರೊಂದಿಗೆ ಬದಲಾದವು. ಅಮೆರಿಕದ ಇಂಗ್ಲಿಷ್ ನಿಯಮದಲ್ಲಿ ಹಿಂದೆ ‘11’ ಮೊದಲು ಬಂದು ‘1-1’ ಆಮೇಲೆ ಬರುತ್ತಿತ್ತು. ಈಗ ‘1-1’ ಮೊದಲು. ನೋಡಿದರೆ ಕ್ಷುಲ್ಲಕ ಎನ್ನಿಸುತ್ತದೆ. ಆದರೆ ಪೋಸ್ಟ್‌ಗ್ರೆಸ್ ತನ್ನ ಇಂಡೆಕ್ಸ್‌ಗಳನ್ನು ಬೇಗ ಹುಡುಕಲೆಂದು ಈ ನಿಯಮ ನಂಬಿ ಕಟ್ಟಿರುತ್ತದೆ. ಡೆಬಿಯನ್ 10ರಂಥ ಹೊಸ ಆವೃತ್ತಿಗೆ ಸರ್ವರ್ ಏರಿದಾಗ ಇಂಡೆಕ್ಸ್ ಹಳೆಯ ನಿಯಮದ್ದು, ಹುಡುಕುವುದು ಹೊಸ ನಿಯಮದಲ್ಲಿ. ಇರುವ ಸಾಲು ಇಲ್ಲವೆಂದು ಉತ್ತರ ಬರಬಹುದು. ಒಂದೇ ಇರಬೇಕಾದ ಹೆಸರು ಎರಡು ಸಲ ಸೇರಿಕೊಳ್ಳಬಹುದು. ಇಂಡೆಕ್ಸ್‌ಗಳನ್ನು ಹೊಸದಾಗಿ ಕಟ್ಟುವುದೊಂದೇ ದಾರಿ. ಡೇಟಾಬೇಸನ್ನು ಯಾರೂ ಮುಟ್ಟಿರಲಿಲ್ಲ. ಪ್ರೋಗ್ರಾಮನ್ನೂ ಮುಟ್ಟಿರಲಿಲ್ಲ.

ಇದೇ ಬಗೆಯ ಇನ್ನೊಂದು ಪ್ರಸಂಗವನ್ನು ನಾನು ಹೊಸಬರಿಗೆ ತಪ್ಪದೆ ಹೇಳುತ್ತೇನೆ. 2018ರ ಡಿಸೆಂಬರ್ ಮೊದಲ ದಿನ ಎಸ್‌ಕ್ಯೂಲೈಟ್ 3.26 ಬಂತು. ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟಲು ನೆರವಾಗುವ ಜಾಂಗೋ ಎಂಬ ಫ್ರೇಮ್‌ವರ್ಕ್ ಬಳಸುವವರಲ್ಲಿ ಅನೇಕರಿಗೆ ‘ಆತ್ ಯೂಸರ್ ಓಲ್ಡ್ ಎಂಬ ಟೇಬಲ್ ಇಲ್ಲ’ ಎಂಬ ಎರರ್ ಶುರುವಾಯಿತು. ತಮ್ಮ ಕೋಡಿನಲ್ಲಿ ಆ ಹೆಸರು ಹುಡುಕಿದರೆ ಎಲ್ಲೂ ಇಲ್ಲ. ಹೆಸರು ನಮ್ಮದಲ್ಲದಿದ್ದರೆ ಅದನ್ನು ಇಟ್ಟವರು ಯಾರು ಎಂದು ಕೇಳುವುದೇ ಇಂಥ ಕಡೆ ಸರಿಯಾದ ಪ್ರಶ್ನೆ. ಇಟ್ಟದ್ದು ಜಾಂಗೋ. ಎಸ್‌ಕ್ಯೂಲೈಟ್‌ನಲ್ಲಿ ಟೇಬಲ್ಲಿನ ರಚನೆಯನ್ನು ಬೇಕಾದಂತೆ ಬದಲಾಯಿಸಲು ಬರುವುದಿಲ್ಲವೆಂದು ಜಾಂಗೋ ಹಳೆಯ ಟೇಬಲ್ಲಿಗೆ ತಾತ್ಕಾಲಿಕವಾಗಿ ಆ ಹೆಸರಿಟ್ಟು, ಹೊಸದನ್ನು ಕಟ್ಟಿ, ಡೇಟಾ ತುಂಬಿ, ಹಳೆಯದನ್ನು ಅಳಿಸುತ್ತಿತ್ತು. ಟೇಬಲ್ ಹೆಸರು ಬದಲಾದರೆ ಅದನ್ನು ಅವಲಂಬಿಸಿದ ಬೇರೆ ಟೇಬಲ್ಲುಗಳ ಉಲ್ಲೇಖವನ್ನೂ ಬದಲಾಯಿಸುವುದೇ ಸರಿ ಎಂದು 3.26 ಹಾಗೆ ಮಾಡತೊಡಗಿತು. ಉಲ್ಲೇಖಗಳೆಲ್ಲ ತಾತ್ಕಾಲಿಕ ಹೆಸರಿನ ಹಿಂದೆ ಹೋದವು, ಆ ಟೇಬಲ್ ಅಳಿಯಿತು, ಉಲ್ಲೇಖಗಳು ಅನಾಥವಾದವು. ಎಸ್‌ಕ್ಯೂಲೈಟ್ ಮಾಡಿದ್ದು ಒಳ್ಳೆಯ ತಿದ್ದುಪಡಿ; ಜಾಂಗೋ ಮಾಡುತ್ತಿದ್ದದ್ದು ವರ್ಷಗಟ್ಟಲೆ ನಡೆದ ರೂಢಿ. ಹಳೆಯ ನಡವಳಿಕೆ ಬೇಕಾದವರಿಗೆಂದು ಎಸ್‌ಕ್ಯೂಲೈಟ್ ಒಂದು ಪ್ರಾಗ್ಮಾ ಕೊಟ್ಟಿತು, 2019ರ ಜನವರಿಯಲ್ಲಿ ಜಾಂಗೋ ತನ್ನ ಕಡೆಯಿಂದ ಸರಿಪಡಿಸಿತು. ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತ ಕೂರಲಿಲ್ಲ.

ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಹೈರಮ್ ರೈಟ್ ಅವರ ಹೆಸರಿನಲ್ಲಿ ಒಂದು ನಿಯಮ ಪ್ರಸಿದ್ಧವಾಗಿದೆ. ಬಳಸುವವರು ಸಾಕಷ್ಟು ಮಂದಿ ಇದ್ದರೆ, ನೀವು ಒಪ್ಪಂದದಲ್ಲಿ ಏನು ಬರೆದುಕೊಟ್ಟಿದ್ದೀರಿ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಪ್ರೋಗ್ರಾಮ್ ಹೊರಗೆ ಕಾಣುವಂತೆ ಏನೇನು ಮಾಡುತ್ತದೋ ಅದೆಲ್ಲವನ್ನೂ ಯಾರಾದರೊಬ್ಬರು ನಂಬಿಕೊಂಡಿರುತ್ತಾರೆ ಎಂಬುದು ಅದರ ತಾತ್ಪರ್ಯ. ಹಳ್ಳಿಯಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಪಕ್ಕದ ಮನೆಯ ಹಿತ್ತಿಲಲ್ಲಿ ಹಾದು ಬಸ್‌ಸ್ಟ್ಯಾಂಡಿಗೆ ಹೋಗುವುದು ವರ್ಷಗಟ್ಟಲೆ ನಡೆದಿರುತ್ತದೆ. ಅವರು ಒಂದು ದಿನ ಬೇಲಿ ಹಾಕಿದರೆ ದಾರಿ ಮುಚ್ಚಿದರು ಎಂಬ ಜಗಳ ಹತ್ತುತ್ತದೆ. ಆ ಹಿತ್ತಿಲು ದಾರಿ ಎಂದು ಅವರು ಯಾವತ್ತೂ ಹೇಳಿರಲಿಲ್ಲ.

ಹಾಗಾಗಿ ನನ್ನ ಪಾಲಿಗೆ ಪ್ರತಿ ಕೆಂಪು ಟೆಸ್ಟ್‌ನ ಮುಂದೆ ಇರುವುದು ಒಂದೇ ಪ್ರಶ್ನೆ: ಈ ಮಾತನ್ನು ಲೈಬ್ರರಿ ಕೊಟ್ಟಿತ್ತೇ, ಅಥವಾ ನಾವೇ ಕೊಟ್ಟಿದೆ ಎಂದುಕೊಂಡಿದ್ದೆವೇ? ಇದಕ್ಕೆ ಉತ್ತರ ಲೈಬ್ರರಿಯ ದಾಖಲೆಯಲ್ಲಿ, ಚೇಂಜ್‌ಲಾಗ್‌ನಲ್ಲಿ ಇರುತ್ತದೆ. ಕೊಟ್ಟ ಮಾತನ್ನು ಲೈಬ್ರರಿ ಮುರಿದಿದ್ದರೆ, ಹತ್ತು ಸಾಲಿನ ಪುಟ್ಟ ಪ್ರೋಗ್ರಾಮಿನಲ್ಲಿ ಆ ದೋಷ ತೋರಿಸಿ ಅದನ್ನು ನಡೆಸುವವರಿಗೆ ಕಳಿಸಬೇಕು. ಬಹಳ ಮಂದಿ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಾರೆ. ಸರಿಯಾಗಿ ತೋರಿಸಿಕೊಟ್ಟ ದೋಷ ಅವರಿಗೆ ನಾವು ಸಲ್ಲಿಸಬಹುದಾದ ಕೃತಜ್ಞತೆ. ಲೈಬ್ರರಿ ಹೇಳಿಯೇ ಬದಲಾಯಿಸಿದ್ದರೆ, ನಾವು ಬದಲಾಗಬೇಕು. ಅದು ಹಾಗೆ ಹೇಳಿಯೇ ಇರಲಿಲ್ಲವೆಂದರೆ, ನಮಗೆ ನಿಜವಾಗಿ ಏನು ಬೇಕು ಎಂದು ಈಗ ಕೂತು ತೀರ್ಮಾನಿಸಬೇಕು. ಅನುಕ್ರಮ ಮುಖ್ಯವಾದರೆ ಕ್ವೆರಿಯಲ್ಲಿ ಆರ್ಡರ್ ಬೈ ಬರೆಯಬೇಕು. ಮುಖ್ಯವಲ್ಲದಿದ್ದರೆ ಟೆಸ್ಟ್ ಅನುಕ್ರಮ ನೋಡುವುದನ್ನು ಬಿಟ್ಟು, ಮೂವರೂ ಇದ್ದಾರೆಯೇ ಎಂದಷ್ಟೇ ಕೇಳಬೇಕು. ಇವೆರಡರಲ್ಲಿ ಯಾವುದು ಎಂಬುದನ್ನು ಕಂಪ್ಯೂಟರ್ ಹೇಳಿಕೊಡುವುದಿಲ್ಲ. ಪಟ್ಟಿಯನ್ನು ಓದುವವರು ಯಾರು, ಯಾತಕ್ಕಾಗಿ ಓದುತ್ತಾರೆ ಎಂದು ತಿಳಿದವರೇ ಹೇಳಬೇಕು.

ಸುಲಭದ ದಾರಿಗಳೂ ಇವೆ, ಅವುಗಳ ಸೆಳೆತ ದೊಡ್ಡದು. ಬಿದ್ದ ಟೆಸ್ಟನ್ನು ‘ಸ್ಕಿಪ್’ ಎಂದು ಗುರುತು ಹಾಕಿ ಬದಿಗೆ ಸರಿಸಬಹುದು. ಬಂದ ಉತ್ತರವನ್ನೇ ಬರಬೇಕಾದ ಉತ್ತರ ಎಂದು ತಿದ್ದಿಬಿಡಬಹುದು. ಮೂರು ಸಲ ಓಡಿಸಿ ಒಂದು ಸಲ ಹಸಿರಾದರೆ ಸಾಕು ಎನ್ನಬಹುದು. ಪರದೆ ಹಸಿರಾಗುತ್ತದೆ, ರೋಗ ಒಳಗೇ ಉಳಿಯುತ್ತದೆ. ಹಳೆಯ ವರ್ಷನ್ನಿಗೇ ಅಂಟಿಕೊಂಡಿರುವುದು ಕೆಲವೊಮ್ಮೆ ತಕ್ಕ ನಿರ್ಧಾರವೇ. ಊರಿಗೆಲ್ಲ ಬಿಲ್ ಕಳಿಸುವ ವಾರದಲ್ಲಿ ಡೇಟಾಬೇಸ್ ಲೈಬ್ರರಿಯನ್ನು ಯಾರೂ ಮುಟ್ಟಬಾರದು. ಆದರೆ ಯಾಕೆ ನಿಂತಿದ್ದೇವೆ, ಯಾವಾಗ ಹೊರಡುತ್ತೇವೆ ಎಂದು ಪಕ್ಕದಲ್ಲಿ ಬರೆದಿಡಬೇಕು. ಬರೆದಿಡದ ತಾತ್ಕಾಲಿಕವೆಲ್ಲ ನಮ್ಮಲ್ಲಿ ಖಾಯಂ ಆಗುತ್ತದೆ.

ಆ ಹುಡುಗ ತಿದ್ದುಪಡಿಗಳನ್ನೆಲ್ಲ ಮುಗಿಸಿ ಪುಲ್ ರಿಕ್ವೆಸ್ಟ್ ಕಳಿಸಿದಾಗ, ಅದರೊಂದಿಗೆ ಬರೆದ ಟಿಪ್ಪಣಿಯನ್ನು ನಾನು ಎರಡು ಸಲ ಓದಿದೆ. ಪ್ರತಿ ಗುಂಪಿನ ಕಾರಣ, ಹಳೆಯದರಲ್ಲಿ ಹೇಗೆ ನಡೆಯುತ್ತಿತ್ತು, ಹೊಸದು ಏನು ಕೇಳುತ್ತದೆ, ನಾವು ಯಾವುದನ್ನು ಆರಿಸಿಕೊಂಡೆವು, ಎಲ್ಲವೂ ಅದರಲ್ಲಿ ಇತ್ತು. ಪಾವತಿ ಬರೆಯುವ ಜಾಗದಲ್ಲಿ ಕಮಿಟ್ ಹಾಕಿ, ಯಾಕೆ ಅಲ್ಲೇ ಹಾಕಿದ್ದು ಎಂಬುದನ್ನೂ ಬರೆದಿದ್ದ: ಹಣ ಮತ್ತು ರಸೀದಿ ಎರಡೂ ಒಟ್ಟಿಗೆ ದಾಖಲಾಗಬೇಕು, ಒಂದಾಗಿ ಇನ್ನೊಂದು ಬಿಡಬಾರದು. ಹಳೆಯ ಕೋಡಿನಲ್ಲಿ ಇವೆರಡೂ ಬೇರೆ ಬೇರೆಯಾಗಿ ತಾವಾಗಿಯೇ ಕಮಿಟ್ ಆಗುತ್ತಿದ್ದವು. ನಡುವೆ ಸರ್ವರ್ ನಿಂತಿದ್ದರೆ ರಸೀದಿಯಿಲ್ಲದ ಪಾವತಿ ಉಳಿಯುತ್ತಿತ್ತು. ಲೈಬ್ರರಿ ಬದಲಾಗದಿದ್ದರೆ ಆ ಜಾಗವನ್ನು ಯಾರೂ ತೆರೆದು ನೋಡುತ್ತಿರಲಿಲ್ಲ.

ಅಪ್‌ಗ್ರೇಡ್ ಎಂದರೆ ಹೊರಗಿನಿಂದ ಬಂದ ತೊಂದರೆ ಎಂದು ಬಗೆಯುವವರಿಗೆ ನಾನು ಹೇಳುವುದು ಇಷ್ಟೇ. ಚಿಕ್ಕ ಚಿಕ್ಕ ಹೆಜ್ಜೆಯಲ್ಲಿ, ತಡಮಾಡದೆ ಅಪ್‌ಗ್ರೇಡ್ ಮಾಡಿ. ಬಿದ್ದ ಟೆಸ್ಟ್‌ನ ಕಾರಣ ಸಿಗುವವರೆಗೆ ಏಳಬೇಡಿ. ಡೇಟಾಬೇಸಿನಲ್ಲಿ ಇರುವುದು ಜನರ ಹೆಸರು, ಅವರ ದುಡ್ಡು, ಅವರ ಅಂಕಪಟ್ಟಿ, ಅವರ ಜಮೀನಿನ ದಾಖಲೆ. ಕೌಂಟರಿನ ಮುಂದೆ ಹಣ ಕಟ್ಟಿ ನಿಂತವರಿಗೆ ನಮ್ಮ ಲೈಬ್ರರಿಯ ವರ್ಷನ್ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ಲೈಬ್ರರಿ ನಮಗೆ ಕೊಡದ ಮಾತನ್ನು ನಂಬಿ ಕೂರುವ ಸ್ವಾತಂತ್ರ್ಯ ನಮಗಿಲ್ಲ, ಯಾಕೆಂದರೆ ಕಟ್ಟಿದ ಹಣ ದಾಖಲಾಗುತ್ತದೆ ಎಂಬ ಮಾತನ್ನು ನಾವು ಅವರಿಗೆ ಕೊಟ್ಟಿದ್ದೇವೆ.